ಸ್ವಾಲ್ಬಾರ್ಡ್‌ಗೆ ಚಿಕ್ಕ ಹಡಗು ಬುಕ್ ಮಾಡುವ ಮುನ್ನ ಗೈಡ್‌ಗಳನ್ನು ಎಣಿಸಿ

ಉತ್ತರ ಧ್ರುವದ ಕಡೆಗಿರುವ ನಾರ್ವೆಯ ದ್ವೀಪಸಮೂಹ ಸ್ವಾಲ್ಬಾರ್ಡ್‌ನ ಲಾಂಗ್‌ಯಿಯರ್‌ಬೈನ್ ಪಟ್ಟಣದಿಂದ ಜೂನ್ ಮೊದಲ ವಾರದಲ್ಲಿ ಹೊರಟ ಒಂದು ಚಿಕ್ಕ ಹಡಗಿನ ಪ್ರವಾಸ ಕೆಟ್ಟದಾಗಿ ಮುಗಿಯಿತು. ಪೂರ್ತಿ ದುಡ್ಡು ಕಟ್ಟಿದ್ದವರಿಗೆ ದಡದ ಮೇಲೆ ಸಿಕ್ಕ ಹೊತ್ತು ತೀರಾ ಕಡಿಮೆ, ವಾಪಸು ಬಂದ ಹಣ ಸೊನ್ನೆ. ಕಂಪನಿಯ ಹೆಸರು ಬೇಡ. ಬೇರೆಯವರು ಇದೇ ಗುಂಡಿಗೆ ಬೀಳದಿದ್ದರೆ ಸಾಕು.

ಕೈಪಿಡಿಯಲ್ಲಿ ‘ಸ್ಪಿಟ್ಸ್‌ಬರ್ಗನ್‌ಗೆ ಪೂರ್ತಿ ಸುತ್ತು’ ಎಂದಿತ್ತು, ಅಂದರೆ ಸ್ವಾಲ್ಬಾರ್ಡ್‌ನ ಅತಿ ದೊಡ್ಡ ದ್ವೀಪಕ್ಕೆ ಸುತ್ತು. ಜೂನ್ ಆರಂಭದಲ್ಲಿ ಆ ಮಾತು ಕೊಡುವುದೇ ತಪ್ಪು. ಪೂರ್ವಕ್ಕೆ ದಾಟಿಸುವ ಹಿನ್‌ಲೋಪೆನ್ ಜಲಸಂಧಿಯಲ್ಲಿ ಆಗಿನ್ನೂ ಮಂಜುಗಡ್ಡೆ ಕಟ್ಟಿಕೊಂಡಿರುವುದೇ ಹೆಚ್ಚು. ಸುತ್ತು ಹಾಕಲು ಜುಲೈ ಕೊನೆಯಿಂದ ಆಗಸ್ಟ್‌ವರೆಗಿನ ಕಾಲ ಮೇಲು. ಹಡಗು ಪಶ್ಚಿಮದ ಫ್ಯೋರ್ಡ್‌ಗಳಲ್ಲೇ (ನೆಲದೊಳಗೆ ಉದ್ದಕ್ಕೆ ಚಾಚಿದ ಕಡಲ ಕವಲುಗಳು) ಓಡಾಡಿ ಮರಳಿತು. ‘ಮಂಜುಗಡ್ಡೆ, ಹವಾಮಾನ ನೋಡಿ ಮಾರ್ಗ ಬದಲಾಗಬಹುದು’ ಎಂಬ ಒಂದು ಸಾಲು ಒಪ್ಪಂದದಲ್ಲಿ ಇದ್ದುದರಿಂದ ಪರಿಹಾರದ ಪ್ರಶ್ನೆಯೇ ಏಳಲಿಲ್ಲ. ನಾರ್ವೆಯ ಹವಾಮಾನ ಸಂಸ್ಥೆ ಕೆಲಸದ ದಿನಗಳಲ್ಲಿ ಮಂಜುಗಡ್ಡೆಯ ನಕ್ಷೆ ಹಾಕುತ್ತದೆ. ನಿಮ್ಮ ತಾರೀಖಿಗೆ ಹಿಂದಿನ ವರ್ಷಗಳಲ್ಲಿ ಹೇಗಿತ್ತೆಂದು ತೆಗೆದು ನೋಡಿ.

ಮಂಜುಗಡ್ಡೆ ಯಾರ ಕೈಯಲ್ಲೂ ಇಲ್ಲ, ಬಿಡಿ. ಆದರೆ ಗೈಡ್‌ಗಳ ಕೊರತೆ ಕಂಪನಿ ತಾನೇ ಮಾಡಿಕೊಂಡದ್ದು, ಹೆಚ್ಚು ಪೆಟ್ಟು ಬಿದ್ದದ್ದೂ ಅದರಿಂದಲೇ. 110 ಪ್ರಯಾಣಿಕರಿಗೆ 8 ಗೈಡ್‌ಗಳು. ದಡಕ್ಕೆ ಒಯ್ಯುವ ಒಂದು ಝೋಡಿಯಾಕ್ ದೋಣಿಯಲ್ಲಿ (ಗಾಳಿ ತುಂಬಿದ ರಬ್ಬರ್ ದೋಣಿ) ಕೂರುವುದು ಸುಮಾರು 10 ಜನ, ಅದನ್ನು ಓಡಿಸುವವರೂ ಗೈಡ್‌ಗಳೇ. ನಾಲ್ಕು ದೋಣಿ ಇಳಿಸಿದರೆ ನಾಲ್ವರು ಅಲ್ಲಿ ಮುಗಿದರು. ಹಿಮಕರಡಿಯ ಕಾವಲಿಗೆ ಬಂದೂಕು ಹಿಡಿದು ದಿಬ್ಬಗಳ ಮೇಲೆ ನಿಲ್ಲಲು ಮೂವರು. ಜನರನ್ನು ಕರೆದುಕೊಂಡು ನಡೆಯಲು ಉಳಿದದ್ದು ಒಬ್ಬರೇ. ಹಾಗಾಗಿ ಅರ್ಧ ಜನ ದಡದಲ್ಲಿ, ಇನ್ನರ್ಧ ಜನ ಲೈಫ್‌ಜಾಕೆಟ್ ತೊಟ್ಟು ಹಡಗಿನಲ್ಲೇ ಸರದಿ ಕಾಯುವುದು. ಬೂಟು ತೊಳೆದು, ಹೆಸರು ಗುರುತು ಹಾಕಿಸಿ, ಅಲೆ ಏರಿಳಿಯುವಾಗ ನಾವಿಕನ ಮುಂಗೈ ಹಿಡಿದು ಒಬ್ಬೊಬ್ಬರೇ ದೋಣಿಗೆ ಇಳಿಯಬೇಕು, ಅವಸರ ಮಾಡುವಂತಿಲ್ಲ. ಮೂರು ಗಂಟೆಯ ಇಳಿದಾಣದಲ್ಲಿ ಒಬ್ಬೊಬ್ಬರಿಗೆ ಸಿಕ್ಕದ್ದು ಮುಕ್ಕಾಲು ಗಂಟೆ. ಒಂದು ದೋಣಿಯ ಮೋಟಾರ್ ಕೆಟ್ಟ ಮೇಲೆ ಬದಲಿ ಇಲ್ಲದೆ ಆ ಹೊತ್ತೂ ಕಡಿಮೆಯಾಯಿತು.

ಬುಕ್ ಮಾಡುವಾಗ ಕ್ಯಾಬಿನ್ನಿನ ಚಿತ್ರ ನೋಡುವುದಕ್ಕಿಂತ ಮೊದಲು ಇವನ್ನು ಬರಹದಲ್ಲಿ ಕೇಳಿ: ಗೈಡ್ ಎಷ್ಟು, ಅವರಲ್ಲಿ ಬಂದೂಕು ತರಬೇತಿ ಆದವರೆಷ್ಟು, ಓಡುವ ದೋಣಿ ಎಷ್ಟು, ಬದಲಿ ಮೋಟಾರ್ ಇದೆಯೇ, ಎಲ್ಲರೂ ಒಟ್ಟಿಗೆ ದಡಕ್ಕಿಳಿಯಬಹುದೇ. ಹಡಗನ್ನೇ ಬದಲಿಸುವ ಹಕ್ಕು ಕಂಪನಿಗಿದೆಯೇ ಎಂದೂ ನೋಡಿಕೊಳ್ಳಿ. ಅಂಥ ಸಾಲು ಇದ್ದರೆ ನೀವು ಆರಿಸಿದ ಹಡಗೇ ಬರುತ್ತದೆಂಬ ಭರವಸೆ ಇಲ್ಲ.

ಆ ಕೈಪಿಡಿ ಹಳೆಯದೂ ಆಗಿತ್ತು. 2025ರ ಜನವರಿ 1ರಿಂದ ಸ್ವಾಲ್ಬಾರ್ಡ್‌ನ ಸಂರಕ್ಷಿತ ಪ್ರದೇಶಗಳಲ್ಲಿ 43 ಗೊತ್ತುಮಾಡಿದ ಜಾಗಗಳಲ್ಲಿ ಮಾತ್ರ ದಡಕ್ಕೆ ಇಳಿಸಬಹುದು, ಹಡಗಿನಲ್ಲಿ 200ಕ್ಕಿಂತ ಹೆಚ್ಚು ಪ್ರಯಾಣಿಕರು ಇರುವಂತಿಲ್ಲ. ಹಿಮಕರಡಿಯಿಂದ 300 ಮೀಟರ್ ದೂರ ಇರಬೇಕು. ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್. ಕರಡಿಯ ಮುಖ ಹತ್ತಿರದಿಂದ ತೋರಿಸುವ ಜಾಹೀರಾತು ನಂಬಿ ಹೋದವರು ಬೈನಾಕ್ಯುಲರ್ ಇಲ್ಲದೆ ಬಿಳಿ ಚುಕ್ಕೆ ನೋಡಿ ಬಂದರು. 10×42 (ಹತ್ತು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ) ಬೈನಾಕ್ಯುಲರ್ ಒಂದು ಇಟ್ಟುಕೊಳ್ಳಿ.

ಕ್ಯಾಬಿನ್ ಬಗ್ಗೆ ಇಷ್ಟೇ: ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಓಲಾಟ ಕಡಿಮೆ. ಆದರೆ ಸಮುದ್ರ ಕೆರಳಿದರೆ ಅಲ್ಲಿನ ದುಂಡು ಕಿಟಕಿಗಳಿಗೆ ಕಬ್ಬಿಣದ ಮುಚ್ಚಳ ಬೀಳುತ್ತದೆ.

ವಿಮೆಯಲ್ಲಿ ತುರ್ತು ವೈದ್ಯಕೀಯ ಸಾಗಣೆ ಇರಲೇಬೇಕು. ಲಾಂಗ್‌ಯಿಯರ್‌ಬೈನ್‌ನ ಆಸ್ಪತ್ರೆ ಚಿಕ್ಕದು, ಗಂಭೀರವಾದರೆ ವಿಮಾನದಲ್ಲಿ ನಾರ್ವೆಯ ಮುಖ್ಯಭೂಮಿಯ ಟ್ರೋಮ್ಸೋಗೆ ಒಯ್ಯುತ್ತಾರೆ. ಸ್ವಾಲ್ಬಾರ್ಡ್ ಷೆಂಗೆನ್ ವಲಯದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು; ನಾರ್ವೆ ಅದರಲ್ಲಿದೆ) ಹೊರಗಿದೆ. ವೀಸಾ ಬೇಕಾದವರು ನಾರ್ವೆ ಮೂಲಕ ಹೋಗಿ ಮರಳಲು ಎರಡು ಬಾರಿ ಪ್ರವೇಶಿಸುವ ವೀಸಾ ಪಡೆಯಬೇಕು. ಒಂದೇ ಪ್ರವೇಶದ್ದಾದರೆ ಹಿಂದಿರುಗುವಾಗ ಸಿಕ್ಕಿಬೀಳುತ್ತೀರಿ.