ಸ್ಮಗ್ಲರ್ಸ್ ಕೋವ್: ಮೊದಲು ಮೈ ತೈ ಕೇಳಿ

ಸ್ಯಾನ್ ಫ್ರಾನ್ಸಿಸ್ಕೋದ ಗಫ್ ರಸ್ತೆಯಲ್ಲಿರುವ ಸ್ಮಗ್ಲರ್ಸ್ ಕೋವ್ ಹೊರಗಿನಿಂದ ಕಣ್ಣಿಗೆ ಬೀಳುವಂಥ ಜಾಗವಲ್ಲ. ಒಳಗೆ ಮೂರು ಹಂತಗಳಲ್ಲಿ ಹಡಗಿನ ಹಗ್ಗ, ಪೀಪಾಯಿ, ಸಣ್ಣದೊಂದು ಜಲಪಾತ, ಮಬ್ಬು ಬೆಳಕು. ಮಾರ್ಟಿನ್ ಕೇಟ್ 2009ರ ಡಿಸೆಂಬರಿನಲ್ಲಿ ತೆರೆದ ಈ ಟಿಕಿ ಬಾರಿನ ಹೆಚ್ಚುಗಾರಿಕೆ ಇರುವುದು ಈ ಅಲಂಕಾರದಲ್ಲಲ್ಲ; ರಮ್, ನಿಂಬೆ, ಐಸ್ ಈ ಮೂರರಲ್ಲಿ ಅದು ತೋರುವ ಶಿಸ್ತಿನಲ್ಲಿ.

ಟಿಕಿ ಬಾರು ಅಮೆರಿಕನ್ನರು ಕಟ್ಟಿಕೊಂಡ ಕಲ್ಪನೆ. 1930ರ ದಶಕದಲ್ಲಿ ಹಾಲಿವುಡ್‌ನ ಡಾನ್ ದ ಬೀಚ್‌ಕೋಂಬರ್ ಎಂಬ ಬಾರಿನಿಂದ ಶುರುವಾದಾಗಲೇ ಗೋಡೆಯ ಮೇಲೆ ಪೆಸಿಫಿಕ್ ದ್ವೀಪಗಳ ಪಾಲಿನೇಷ್ಯಾ, ಗ್ಲಾಸಿನಲ್ಲಿ ಕೆರಿಬಿಯನ್ ರಮ್. ಪಾಲಿನೇಷ್ಯಾದ ಜನರ ಪಾಲಿಗೆ ಟಿಕಿ ಪೂರ್ವಜರ ಮೂರ್ತಿ. ಅದನ್ನು ಕುಡಿಯುವ ಮಗ್ ಮಾಡಿಕೊಂಡದ್ದರ ಬಗ್ಗೆ ಇರುವ ಆಕ್ಷೇಪ ನ್ಯಾಯವಾದದ್ದೇ. ಈ ಬಾರು ಹಡಗು, ಬಂದರಿನ ಕಡೆಗೇ ಹೆಚ್ಚು ವಾಲಿರುವುದು ಹಾಗಾಗಿ ಒಳ್ಳೆಯದೆನಿಸುತ್ತದೆ.

ಮೊದಲ ಸಲ ಹೋದವರು ಮೈ ತೈ ಕೇಳಬೇಕು. 1944ರಲ್ಲಿ ಓಕ್‌ಲೆಂಡ್‌ನ ಟ್ರೇಡರ್ ವಿಕ್ಸ್‌ನಲ್ಲಿ ವಿಕ್ಟರ್ ಬರ್ಜರಾನ್ ಹದಿನೇಳು ವರ್ಷ ಮಾಗಿದ ಜಮೈಕಾ ರಮ್ಮಿನಿಂದ ಮಾಡಿದ ಪಾನೀಯ ಇದು. ಅದರಲ್ಲಿ ಅನಾನಸ್ ರಸ ಇರಲಿಲ್ಲ. ಪಾನೀಯ ಹವಾಯಿಗೆ ಹೋದ ಮೇಲೆ ಅದು ಸೇರಿಕೊಂಡದ್ದು. ಇಲ್ಲಿ ಮೂಲದ ದಾರಿಯನ್ನೇ ಹಿಡಿದಿದ್ದಾರೆ. ಮೊದಲ ಗುಟುಕಿಗೆ ಹುಳಿ, ಹಿಂದೆಯೇ ಬಾದಾಮಿ ಮತ್ತು ಕಿತ್ತಳೆ ಸಿಪ್ಪೆಯ ಪರಿಮಳ, ಕೊನೆಗೆ ಗಂಟಲಲ್ಲಿ ರಮ್ಮಿನ ಮರದ ಒಗರು. ಸಿಹಿ ಯಾವ ಘಟ್ಟದಲ್ಲೂ ಮುಂದೆ ಬರುವುದಿಲ್ಲ.

ಇದೇ ಅಳತೆಯಲ್ಲಿ ಮನೆಯಲ್ಲೂ ಮಾಡಬಹುದು: ಮಾಗಿದ ರಮ್ 60 ಮಿ.ಲೀ., ಆಗಷ್ಟೇ ಹಿಂಡಿದ ನಿಂಬೆರಸ 22, ಕಿತ್ತಳೆ ಸಿಪ್ಪೆಯ ಮದ್ಯವಾದ ಕ್ಯುರಸಾವ್ (ಸಿಹಿ ಕಡಿಮೆಯಿರುವುದು) 15, ಬಾದಾಮಿಯ ಓರ್ಜಾ ಸಿರಪ್ ಏಳೂವರೆ, ಗಟ್ಟಿ ಸಕ್ಕರೆ ಪಾಕ ಏಳೂವರೆ. ಪಾಕಕ್ಕೆ ಎರಡು ಪಾಲು ಸಕ್ಕರೆ, ಒಂದು ಪಾಲು ನೀರು, ಒಂದೆರಡು ಹನಿ ವೆನಿಲಾ, ಚಿಟಿಕೆ ಉಪ್ಪು. ಒಂದೂವರೆ ಕಪ್ ಪುಡಿ ಐಸ್ ಜೊತೆಗೆ ಎರಡು ಮೂರು ದಪ್ಪ ತುಂಡು ಹಾಕಿ, ಶೇಕರ್ ಹೊರಗಡೆ ಮಂಜು ಕಟ್ಟುವವರೆಗೆ ಅಲ್ಲಾಡಿಸಿ, ಸೋಸದೆ ಐಸ್ ಸಮೇತ ಗ್ಲಾಸಿಗೆ ಸುರಿಯಿರಿ. ಮೇಲೆ ಹಿಂಡಿದ ನಿಂಬೆಯ ಹೋಳು, ಅಂಗೈಯಲ್ಲಿ ತಟ್ಟಿದ ಪುದೀನ. ಪುದೀನ ಸ್ಟ್ರಾ ಪಕ್ಕದಲ್ಲೇ ಇರಲಿ. ಕುಡಿಯುವಾಗ ಮೂಗಿಗೆ ಮೊದಲು ಸಿಗಬೇಕಾದ್ದು ಅದು.

ಹೆಚ್ಚಾಗಿ ಕೆಡುವುದು ಐಸಿನಿಂದ. ನೀರೊಡೆದ ಐಸನ್ನು ಪುಡಿ ಮಾಡಿದರೆ ಅಲ್ಲಾಡಿಸುವಷ್ಟರಲ್ಲೇ ಪಾನೀಯ ತೆಳ್ಳಗಾಗುತ್ತದೆ. ಫ್ರೀಜರಿನಿಂದ ತೆಗೆದ ತಕ್ಷಣ ದಪ್ಪ ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಜಜ್ಜಿ. ಬಿಟ್ಟ ನೀರನ್ನು ಬಟ್ಟೆಯೇ ಹೀರಿಕೊಳ್ಳುತ್ತದೆ. ನಮ್ಮ ಸಣ್ಣ ನಿಂಬೆಹಣ್ಣು ಅಲ್ಲಿನ ದಪ್ಪ ಹಸಿರು ನಿಂಬೆಗಿಂತ ಹುಳಿ, ಆದ್ದರಿಂದ 18 ಮಿ.ಲೀ.ನಿಂದ ಶುರು ಮಾಡಿ. ಸಿಪ್ಪೆಯನ್ನು ಬಲವಾಗಿ ಹಿಂಡಿದರೆ ಕಹಿ ಇಳಿಯುತ್ತದೆ. ಓರ್ಜಾ ಬದಲಿಗೆ ಬಾದಾಮಿ ಹಾಲಿನ ಪುಡಿ ಬೇಡ, ಅದರ ಏಲಕ್ಕಿ ಮತ್ತು ಕೇಸರಿ ರಮ್ಮನ್ನು ಮುಚ್ಚಿಬಿಡುತ್ತವೆ. ಬಾದಾಮಿ ನೆನೆಸಿ, ರುಬ್ಬಿ, ಹಿಂಡಿದ ಹಾಲಿಗೆ ಒಂದೂವರೆ ಪಟ್ಟು ಸಕ್ಕರೆ ಕರಗಿಸಿ, ಕಿತ್ತಳೆ ಹೂವಿನ ನೀರು ಕೆಲವೇ ಹನಿ ಹಾಕಿ. ಫ್ರಿಜ್ಜಿನಲ್ಲಿ ಎಣ್ಣೆ ಮೇಲೆ ತೇಲುವುದು ಸಹಜ. ಬಳಸುವ ಮುಂಚೆ ಕುಲುಕಿದರಾಯಿತು.

ರಮ್ ಆಯ್ಕೆಗೆ ಬಣ್ಣ ನೋಡಿ ಪ್ರಯೋಜನವಿಲ್ಲ. ಕ್ಯಾರಮೆಲ್ ಹಾಕಿದರೆ ಯಾವ ರಮ್ಮೂ ಕಪ್ಪಾಗುತ್ತದೆ. ಕಾಕಂಬಿಯಿಂದಲೋ ಕಬ್ಬಿನ ಹಾಲಿನಿಂದಲೋ, ಯಾವ ಬಟ್ಟಿಯಲ್ಲಿ ಇಳಿಸಿದ್ದು, ಎಷ್ಟು ಮಾಗಿದ್ದು ಎಂಬುದೇ ರುಚಿಯನ್ನು ನಿರ್ಧರಿಸುವುದು. ಕೇಟ್ ರಮ್‌ಗಳನ್ನು ವಿಂಗಡಿಸುವುದೂ ಹೀಗೆಯೇ, ಮತ್ತು ಈ ಬಾರು ರಮ್ ಪ್ರಿಯರಿಗೆ ಮಾಡಿದ ದೊಡ್ಡ ಉಪಕಾರ ಅದು. ಜಮೈಕಾದ ಪಾಟ್ ಸ್ಟಿಲ್ (ಹಂಡೆಯಂಥ ಬಟ್ಟಿ) ರಮ್‌ನಲ್ಲಿ ಕಳಿತ ಬಾಳೆಹಣ್ಣಿನ ಘಾಟು ಇರುತ್ತದೆ. ಮಾರ್ಟಿನಿಕ್‌ನ ಕಬ್ಬಿನ ಹಾಲಿನ ರಮ್‌ನಲ್ಲಿ ಹಸಿ ಹುಲ್ಲಿನ ವಾಸನೆ. ಬೆಂಗಳೂರಿನ ಅಮೃತ್ ಡಿಸ್ಟಿಲರಿಯ ಟೂ ಇಂಡೀಸ್ ರಮ್ ಬೆಲ್ಲದ ರಮ್ಮಿಗೆ ಕೆರಿಬಿಯನ್ ರಮ್ ಬೆರೆಸಿ ಮಾಡಿದ್ದು. ಮೈ ತೈಗೆ ಚೆನ್ನಾಗಿ ಹೊಂದುತ್ತದೆ, ಆದರೆ ರುಚಿ ಸಿಹಿಯತ್ತ ವಾಲುವುದರಿಂದ ಸಕ್ಕರೆ ಪಾಕವನ್ನು ಅರ್ಧಕ್ಕೆ ಇಳಿಸಿ. ಓಲ್ಡ್ ಮಾಂಕ್ ಇಲ್ಲಿ ಬೇಡ, ಅದರ ವೆನಿಲಾ ಬಾದಾಮಿಯನ್ನು ನುಂಗುತ್ತದೆ.

ಎರಡನೆಯದಾಗಿ ತ್ರೀ ಡಾಟ್ಸ್ ಅಂಡ್ ಎ ಡ್ಯಾಶ್ ಒಳ್ಳೆಯ ಆಯ್ಕೆ: ಜೇನು, ಲವಂಗದ ಘಮದ ಫಲೆರ್ನಮ್ ಸಿರಪ್, ಕಬ್ಬಿನ ಹಾಲಿನ ರಮ್. ಮೇಲೆ ಮೂರು ಚೆರ್ರಿ, ಒಂದು ಅನಾನಸ್ ಹೋಳು ಅಂದರೆ ಮೋರ್ಸ್ ಲಿಪಿಯ ವಿ, ಎರಡನೇ ಮಹಾಯುದ್ಧದ ವಿಜಯದ ಗುರುತು. ಜೆಟ್ ಪೈಲಟ್ ಮತ್ತು ಜೋಂಬಿ ಖಡಕ್ಕು. ಜೋಂಬಿಯನ್ನು ಡಾನ್ ದ ಬೀಚ್‌ಕೋಂಬರ್‌ನ ಮಾಲೀಕ ಡಾನ್ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲ. ಈಗಲೂ ಒಂದೇ ಸಾಕು.

ವಾರಾಂತ್ಯದ ರಾತ್ರಿ ಬಾಗಿಲಲ್ಲಿ ಸಾಲು, ಒಳಗೆ ಗದ್ದಲ. ಬಾರ್‌ಟೆಂಡರ್ ಜೊತೆ ರಮ್ ಬಗ್ಗೆ ಮಾತಾಡಬೇಕೆಂದರೆ ವಾರದ ದಿನ, ತೆರೆದ ಕೂಡಲೇ ಹೋಗಿ. ಕ್ಯಾಲಿಫೋರ್ನಿಯಾದಲ್ಲಿ 21 ತುಂಬಿರಬೇಕು. ಊರಿನಿಂದ ಬಂದ ಅತಿಥಿಗಳನ್ನು ಕರೆದೊಯ್ಯುವವರು ಅವರ ಪಾಸ್‌ಪೋರ್ಟ್ ಮರೆಯಬೇಡಿ. ಊಟ ಮುಗಿಸಿಕೊಂಡೇ ಹೋಗಿ, ಕಾರು ಮನೆಯಲ್ಲೇ ಇರಲಿ: ಸಿವಿಕ್ ಸೆಂಟರ್ ಬಾರ್ಟ್ ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟೇ ದೂರ.