ಯೇಲ್ ಮೇಷ್ಟ್ರು, ಬುಧವಾರದ ಗಡುವು, ಹನ್ನೊಂದನೇ ಕ್ಲಾಸಿನ ಪುಸ್ತಕ

ನನಗೀಗ ನಲವತ್ನಾಲ್ಕು. ಓದಿದ್ದು ಬಿ.ಕಾಂ., ಕೆಲಸ ಹಾಸನದ ಒಂದು ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ. ಇಪ್ಪತ್ತು ವರ್ಷ ಗಾಜಿನಾಚೆಯ ಮುಖಗಳನ್ನು ನೋಡುತ್ತ ಕೂತವಳಿಗೆ, ಜನ ಹೀಗೇಕೆ ಆಡುತ್ತಾರೆ ಅನ್ನೋದನ್ನ, ಅಂದರೆ ಮನೋವಿಜ್ಞಾನವನ್ನ, ಸ್ವಲ್ಪ ಕ್ರಮವಾಗಿ ಓದೋಣ ಅನ್ನಿಸಿತು. ಕೌನ್ಸೆಲರ್ ಆಗುವ ಆಸೆಯೇನೂ ಇಲ್ಲ. ಒಂದೂವರೆ ವರ್ಷದಲ್ಲಿ ನಾಲ್ಕೈದು ದಾರಿ ಹಿಡಿದು ನೋಡಿದೆ. ಕೊನೆ ಮುಟ್ಟಿಸಿದ್ದು ಒಂದನ್ನೇ, ಅದೂ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದಲ್ಲ.

ಇಷ್ಟವಾದದ್ದು ಯೇಲ್ ವಿಶ್ವವಿದ್ಯಾಲಯದ್ದು. ಅಲ್ಲಿ ಮನೋವಿಜ್ಞಾನದ ಮೇಷ್ಟ್ರಾಗಿದ್ದ ಪಾಲ್ ಬ್ಲೂಮ್ 2007ರಲ್ಲಿ ತರಗತಿಯಲ್ಲಿ ಮಾಡಿದ ಇಪ್ಪತ್ತು ಪಾಠಗಳನ್ನು ಹಾಗೇ ಚಿತ್ರೀಕರಿಸಿ ಉಚಿತವಾಗಿ ಬಿಟ್ಟಿದ್ದಾರೆ. ಒಂದು ಪಾಠ ಪೂರ್ತಿ ಮಿದುಳು, ಒಂದು ಸುಪ್ತ ಮನಸ್ಸಿನ ಮಾತಾಡಿದ ಫ್ರಾಯ್ಡ್, ಒಂದು ಪಾರಿವಾಳಗಳಿಗೆ ಕಾಳು ಕೊಟ್ಟು ನಡತೆ ಕಲಿಸಿ ತೋರಿಸಿದ ಸ್ಕಿನ್ನರ್, ಆಮೇಲೆ ಹಸುಗೂಸುಗಳ ಲೋಕ. ಮನುಷ್ಯ ನಿಂತು ಮಾತಾಡಿದರೆ ಕೇಳುತ್ತಲೇ ಇರಬೇಕು ಅನ್ನಿಸುತ್ತೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದವಳು ನಾನು. ವೇಗ ಮುಕ್ಕಾಲಿಗೆ ಇಳಿಸಿ, ಸಬ್‌ಟೈಟಲ್ ಹಾಕಿಕೊಂಡರೆ ತೊಂದರೆಯಾಗಲಿಲ್ಲ. ತೊಂದರೆ ಬೇರೆ. ರಾತ್ರಿ ಪಾತ್ರೆ ತೊಳೆಯುತ್ತ ಧಾರಾವಾಹಿಯ ಹಾಗೆ ಕೇಳಿದೆ. ಮೂರು ವಾರ ಬಿಟ್ಟು ನಮ್ಮವರು, "ಅದೇನೋ ಸ್ಕಿನ್ನರ್ ಅಂತಿದ್ಯಲ್ಲ, ಏನಂತೆ ಅವನದು?" ಅಂದಾಗ ನನ್ನ ಬಾಯಿಂದ ಹೊರಟಿದ್ದು "ಪಾರಿವಾಳ" ಅನ್ನೋ ಒಂದೇ ಪದ. ಇದು ಮೇಷ್ಟ್ರ ತಪ್ಪಲ್ಲ. ಆದರೆ ಆ ವಿಡಿಯೊಗಳು ನಿಮ್ಮನ್ನು ವಾರವಾರ ಏನೂ ಕೇಳುವುದಿಲ್ಲ. ಇನ್ನೊಂದು ಮಾತು: ಪಾಠ 2007ರದ್ದು. ಮನೋವಿಜ್ಞಾನದ ನೂರು ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಅರ್ಧಕ್ಕಿಂತ ಕಡಿಮೆಯವು ಮಾತ್ರ ಅದೇ ಫಲಿತಾಂಶ ಕೊಟ್ಟವು ಅನ್ನೋ ದೊಡ್ಡ ಸುದ್ದಿ ಬಂದದ್ದು 2015ರಲ್ಲಿ. ಆ ಅನುಮಾನದ ಗಾಳಿ ಬೀಸುವ ಮುಂಚಿನ ತರಗತಿ ಇದು ಅನ್ನೋದು ನೆನಪಿರಲಿ.

ಕೊನೆ ಮುಟ್ಟಿಸಿದ್ದು ಎನ್‌ಪಿಟಿಇಎಲ್ ಅನ್ನೋ ಆನ್‌ಲೈನ್ ತಾಣದ ಕೋರ್ಸ್. ಐಐಟಿ ಮೇಷ್ಟ್ರುಗಳ ಪಾಠ, ನಾನು ಸೇರಿದ್ದು ಎಂಟು ವಾರದ್ದು. ಸೇರುವುದಕ್ಕೆ ದುಡ್ಡಿಲ್ಲ, ಪರೀಕ್ಷೆ ಬೇಕಾದರೆ ಮಾತ್ರ ಸಾವಿರ ರೂಪಾಯಿ ಕಟ್ಟಿದೆ. ವಾರವಾರದ ಅಸೈನ್‌ಮೆಂಟಿಗೆ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಪಾಠದಲ್ಲಿ ನಗೆಚಟಾಕಿ ಕಡಿಮೆ, ಸ್ಲೈಡ್ ಜಾಸ್ತಿ. ಆದರೆ ಬುಧವಾರ ರಾತ್ರಿ ಗಡುವು ಅಂತ ಒಂದಿದೆಯಲ್ಲ, ಅದು ನನ್ನನ್ನು ಕುರ್ಚಿಗೆ ಕಟ್ಟಿಹಾಕಿತು.

ಮೂರನೇ ವಾರವೋ ಏನೋ, "ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್ ಯಾವುದು?" ಅಂತ ಪ್ರಶ್ನೆ ಬಂತು. ಶಿಕ್ಷೆ ಅಂತ ಟಿಕ್ ಹಾಕಿದೆ. ತಪ್ಪು. ಬೇಡದ್ದೊಂದು ತೊಲಗಿ, ಅದರಿಂದ ನಮ್ಮ ನಡತೆ ಗಟ್ಟಿಯಾದರೆ ಅದು ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್; ಸೀಟ್ ಬೆಲ್ಟ್ ಹಾಕಿದ ಕೂಡಲೇ ಕಾರಿನ ಕೀಂ ಕೀಂ ನಿಲ್ಲುತ್ತದಲ್ಲ, ಹಾಗೆ. ಓದಿದಾಗ ಅರ್ಧ ತಿಳಿಯಿತು. ಮಾರನೇ ದಿನ ಕೌಂಟರ್ ಮುಂದೆ ಒಬ್ಬ ತಾಯಿ, ಪಕ್ಕದಲ್ಲಿ ಚಾಕೊಲೇಟಿಗೆ ಹಟ ಹಿಡಿದ ಹುಡುಗ. ಅವಳು ಚಲನ್ ತುಂಬುತ್ತಲೇ ಬ್ಯಾಗಿಂದ ಒಂದು ತೆಗೆದು ಕೊಟ್ಟಳು. ಅಳು ಸ್ವಿಚ್ ಆರಿಸಿದಂತೆ ನಿಂತಿತು. ಆಗ ಪೂರ್ತಿ ತಿಳಿಯಿತು. ಅತ್ತರೆ ಚಾಕೊಲೇಟ್ ಸಿಗುತ್ತೆ ಅಂತ ಹುಡುಗ ಕಲಿತ, ಅದು ಪಾಸಿಟಿವ್. ಕೊಟ್ಟರೆ ಅಳು ನಿಲ್ಲುತ್ತೆ ಅಂತ ತಾಯಿ ಕಲಿತಳು, ಅದೇ ನೆಗೆಟಿವ್. ಒಂದೇ ಚಾಕೊಲೇಟಿನಲ್ಲಿ ಇಬ್ಬರಿಗೂ ಪಾಠ. ಆವತ್ತು ಒಂದು ಡಿಪಾಸಿಟ್ ಸ್ಲಿಪ್ಪಿಗೆ ಸೀಲು ತಲೆಕೆಳಗಾಗಿ ಹಾಕಿದೆ.

ಪರೀಕ್ಷೆಗೆ ಮೈಸೂರಿಗೆ ಹೋದೆ. ಕಂಪ್ಯೂಟರ್ ಕೊಠಡಿ ತುಂಬ ಎಂಜಿನಿಯರಿಂಗ್ ಮಕ್ಕಳು. "ಮೇಡಂ, ನೀವೇನಾ ಇನ್ವಿಜಿಲೇಟರು?" ಅಂತ ಒಬ್ಬಳು ಕೇಳಿದಳು. 61 ಬಂತು.

ಇನ್ನು ನನ್ನ ಮಟ್ಟಿಗೆ ಎಲ್ಲಕ್ಕಿಂತ ಲಾಭ ತಂದದ್ದು ಕೋರ್ಸೇ ಅಲ್ಲ, ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿ ಮನೋವಿಜ್ಞಾನದ ಪುಸ್ತಕ. ಪಿಡಿಎಫ್ ಉಚಿತ. ಅದರ ನೆನಪಿನ ಅಧ್ಯಾಯದಲ್ಲಿ ಒಂದು ಚಟುವಟಿಕೆ ಇದೆ: 1 9 2 5 4 9 8 1 1 2 1 ಅನ್ನೋ ಹನ್ನೊಂದು ಅಂಕಿ ಬಾಯಿಪಾಠ ಮಾಡಿ ಅಂತ. ನನಗೆ ಏಳಕ್ಕೇ ದಾರಿ ತಪ್ಪಿತು. ಮಾವನವರು ನಿವೃತ್ತ ಗಣಿತದ ಮೇಷ್ಟ್ರು, ಎಂಬತ್ತರ ಹತ್ತಿರ. ಕನ್ನಡಕ ಎಲ್ಲಿಟ್ಟೆ ಅಂತ ದಿನಕ್ಕೆ ನಾಲ್ಕು ಸಲ ಕೇಳುವವರು. ಚೀಟಿಯಲ್ಲಿ ಬರೆದುಕೊಟ್ಟೆ. ಒಂದು ಕ್ಷಣ ನೋಡಿ ಚೀಟಿ ಮಡಚಿ, "ಇದೇನಮ್ಮಾ, ಬೆಸ ಸಂಖ್ಯೆಗಳ ವರ್ಗ ಅಲ್ವಾ? ಒಂದು, ಒಂಬತ್ತು, ಇಪ್ಪತ್ತೈದು..." ಅಂತ ನೂರಿಪ್ಪತ್ತೊಂದರವರೆಗೆ ಒಪ್ಪಿಸಿ, "ಮುಂದೆ ನೂರರವತ್ತೊಂಬತ್ತು, ಬರೀಬೇಕಾ?" ಅಂದರು. ಪುಸ್ತಕ ಹೇಳಿಕೊಡಬೇಕೆಂದಿದ್ದೂ ಅದನ್ನೇ: ತಲೆಯಲ್ಲಿ ಒಮ್ಮೆಗೆ ಹಿಡಿಯುವ ತುಂಡುಗಳು ಏಳರ ಆಸುಪಾಸು ಅಂತ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ, ಆದರೆ ತುಂಡು ಎಷ್ಟು ದೊಡ್ಡದು ಅನ್ನೋದು ನಮಗೆ ಮೊದಲೇ ಗೊತ್ತಿರುವುದರ ಮೇಲೆ ನಿಂತಿದೆ.

ದೂರಶಿಕ್ಷಣದ ಇಗ್ನೋ ವಿಶ್ವವಿದ್ಯಾಲಯದ ಪಾಠಪುಸ್ತಕಗಳು ಅದರ ಇ-ಜ್ಞಾನಕೋಶ ಅನ್ನೋ ಜಾಲತಾಣದಲ್ಲಿ ಉಚಿತವಾಗಿವೆ. ಒಂದು ಶಬ್ದದ ಅರ್ಥ ಖಚಿತ ಮಾಡಿಕೊಳ್ಳಲು ಒಳ್ಳೆಯವು, ಒಂದೇ ಸಮ ಓದಲು ನನ್ನಿಂದಾಗಲಿಲ್ಲ. ಅಂಚೆ ಪದವಿಯನ್ನೇ ಮಾಡಿಬಿಡೋಣ ಅಂದುಕೊಂಡವರು ಒಂದು ತಿಳಿದಿರಬೇಕು: 2025ರ ಜುಲೈ-ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣ, ಆನ್‌ಲೈನ್ ಎರಡರಲ್ಲೂ ಮನೋವಿಜ್ಞಾನ ನಡೆಸಬೇಡಿ ಅಂತ ಯುಜಿಸಿ ಹೇಳಿದೆ. ಇದಕ್ಕೂ ಮುಂಚೆ ಒಂದು ಖಾಸಗಿ ಸಂಸ್ಥೆಗೆ, ಹೆಸರು ಬೇಡ, "ಆರು ವಾರದಲ್ಲಿ ಕೌನ್ಸೆಲರ್" ಅಂದದ್ದಕ್ಕೆ ನಾಲ್ಕು ಸಾವಿರ ಕಟ್ಟಿದ್ದೆ. ಸರ್ಟಿಫಿಕೇಟು ಪಾಠಕ್ಕಿಂತ ಮೊದಲೇ ಬಂತು.

ಕನ್ನಡದಲ್ಲಿ ಇಡೀ ಕೋರ್ಸ್ ನನಗೆ ಸಿಗಲಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ ಶುರುವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿಯನ್ನೂ ಆರಂಭಿಸಿದರು. ಎರಡನ್ನೂ ಕೂಡಿಸಿ ಯಾರಾದರೂ ಈಗ ಕನ್ನಡದಲ್ಲಿ ಇಪ್ಪತ್ತು ಪಾಠ ಮಾಡಬಾರದೇ ಅಂತ ಆಗಾಗ ಅನ್ನಿಸುತ್ತೆ.

ಈಗ ಯಾರಾದರೂ ಕೇಳಿದರೆ ಮೊದಲು ಆ ಹನ್ನೊಂದನೇ ಕ್ಲಾಸಿನ ಪುಸ್ತಕ ಅನ್ನುತ್ತೇನೆ, ಅದರಲ್ಲೂ ನೆನಪಿನ ಅಧ್ಯಾಯ. ಆಮೇಲೆ ಎನ್‌ಪಿಟಿಇಎಲ್, ಅದೂ ಪರೀಕ್ಷೆಯ ದುಡ್ಡು ಕಟ್ಟಿಯೇ. ಕಟ್ಟದಿದ್ದರೆ ಬುಧವಾರಗಳು ಜಾರಿಹೋಗುತ್ತವೆ. ಬ್ಲೂಮ್ ಮೇಷ್ಟ್ರನ್ನು ಊಟದ ಮೇಲಿನ ಎಲೆಅಡಿಕೆಗೆ ಇಟ್ಟುಕೊಳ್ಳಿ. ಜನವರಿಯಲ್ಲಿ ಮುಂದಿನ ಸರದಿ ಶುರುವಾಗುತ್ತೆ, ಮಾವನವರು ತಮ್ಮ ಹೆಸರನ್ನೂ ಹಾಕು ಅಂದಿದ್ದಾರೆ. ಪರೀಕ್ಷೆ ಮಾತ್ರ ಬೇಡವಂತೆ.