ಆರುನೂರು ಮಂದಿಗೆ ಒಂದೇ ಮೇಲ್: ಜಿಮೇಲೋ, ಸ್ವಂತ ಸರ್ವರೋ, ಗ್ರೂಪೋ?

ಬಾಗಲಕೋಟೆ ಕಡೆಯ ನೇಕಾರರ ಸಂಘದ ಕಾರ್ಯದರ್ಶಿ ಕೇಳಿದರು: "ಮಹಾಸಭೆ ನೋಟಿಸು ಆರುನೂರು ಮಂದಿಗೆ ಹೋಗಬೇಕ್ರೀ, ಯಾವುದು ಚಲೋ?"

ಖರ್ಚೇ ಮುಖ್ಯ ಅಂದ್ರೆ ಉಚಿತ ಜಿಮೇಲ್. ಆದರೆ ದಿನಕ್ಕೆ 500 ವಿಳಾಸಕ್ಕೆ ಬಾಗಿಲು ಬಂದ್. ಥಂಡರ್‌ಬರ್ಡ್‌ನಂಥ ಪ್ರೋಗ್ರಾಮಿನಿಂದ ಕಳಿಸಿದರೆ ಒಂದು ಮೇಲ್‌ಗೆ 100 ಅಷ್ಟೇ. ಬಿಸಿಸಿಯಲ್ಲಿ ಬಚ್ಚಿಟ್ಟ ವಿಳಾಸಗಳೂ ಎಣಿಕೆಗೆ ಬರ್ತಾವ್ರೀ! ವರ್ಷಕ್ಕೆರಡು ನೋಟಿಸಾದರೆ ಎರಡು ದಿನಕ್ಕೆ ಹಂಚಿ ಕಳಿಸಿ, ಸಾಕು.

ಸ್ವಂತ ಸರ್ವರಿನಲ್ಲಿ ಮಿತಿ ನಿಮ್ಮ ಕೈಯಾಗೆ. ಸರ್ವರಿನಲ್ಲಿ ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶ ಮೊದಲೇ ಇಟ್ಟುಕೊಂಡಿರುವ ಮಿತಿ ಒಂದು ಮೇಲ್‌ಗೆ 1000 ವಿಳಾಸ. ದಾಟಿದರೆ 452 ಅನ್ನುವ ದೋಷದ ಸಂಖ್ಯೆಯನ್ನು ಉತ್ತರವಾಗಿ ಕೊಡುತ್ತದೆ. ಅದು ಪೂರ್ತಿ ತಿರಸ್ಕಾರವಲ್ಲ. ಅಷ್ಟರೊಳಗೆ ಸರ್ವರ್ ಒಪ್ಪಿಕೊಂಡ ವಿಳಾಸಗಳಿಗೆ ಮೇಲ್ ಹೋಗುತ್ತದೆ, ಉಳಿದವರಿಗೆ ಮತ್ತೆ ಕಳಿಸಬೇಕು. ಹೊರಗೆ ಕಳಿಸುವಾಗ ಒಂದೇ ಡೊಮೇನಿನವರನ್ನು (ವಿಳಾಸದಲ್ಲಿ @ ನಂತರದ ಭಾಗ ಒಂದೇ ಇರುವವರನ್ನು) 50ರ ಗುಂಪು ಮಾಡಿ ತಾನೇ ಹಂಚುತ್ತದೆ. ಕಾಟ ಬೇರೆ ಕಡೆ: ಮೇಲ್ ನಿಜಕ್ಕೂ ನಿಮ್ಮದೇ ಅಂತ ತೋರಿಸುವ ಎಸ್‌ಪಿಎಫ್, ಡಿಕೆಐಎಂ ಎಂಬ ಗುರುತಿನ ವ್ಯವಸ್ಥೆಗಳು ಸರಿಯಿಲ್ಲದಿದ್ದರೆ ನೋಟಿಸು ಸೀದಾ ಸ್ಪ್ಯಾಮಿಗೆ. ನೋಡಿಕೊಳ್ಳುವ ಹುಡುಗ ಸಂಘದಲ್ಲಿದ್ದರೆ ಮಾತ್ರ ಈ ಕಡೆ ಬನ್ನಿ.

ಗೂಗಲ್ ಗ್ರೂಪ್ಸ್‌ನಂಥ ಮೇಲ್ ಗ್ರೂಪಿನಲ್ಲಿ ನೀವು ಬರೆಯುವುದು ಒಂದೇ ವಿಳಾಸ, ಹಂಚುವ ಕೆಲಸ ಅದರದ್ದು. ಸದಸ್ಯರನ್ನು ಸೇರಿಸುವುದೇ ಬೇಸರದ ಕೆಲಸ. ತಿಂಗಳಿಗೆ ನಾಲ್ಕು ಸುತ್ತೋಲೆ ಇದ್ದರೆ ನಾನು ಇದನ್ನೇ ಹಿಡಿಯುತ್ತಿದ್ದೆ. ಪೋಸ್ಟ್ ಮಾಡುವ ಹಕ್ಕು ಕಾರ್ಯದರ್ಶಿಗಷ್ಟೇ ಇರಲಿ, ಇಲ್ಲದಿದ್ದರೆ ದಿನಾ "ಶುಭೋದಯ" ಬರ್ತದೆ.